ಎರೆಯ ನೆಲ ಬೇಡುವ ಸರದಿ

ಹುಬ್ಬಳ್ಳಿಯಿಂದ ಗದಗಿನತ್ತ ಹೊರಟ ರೈಲು ಅಣ್ಣಿಗೇರಿಯನ್ನು ಸಮೀಪಿಸುವ ವೇಳೆಗೆ ಕಿಟಕಿಯಾಚೆ ಕಣ್ಣು ಹಾಯುವಷ್ಟು ದೂರವೂ ಎರೆಯ ಹೊಲಗಳೇ. ಬೇಸಗೆಯಲ್ಲಿ ಅಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು. ಮಳೆಗಾಲದಲ್ಲಿ ಕಾಲಿಟ್ಟವನ ಚಪ್ಪಲಿಯನ್ನೇ ಕಸಿದುಕೊಳ್ಳುವ ಅಂಟುಮಣ್ಣು. ಒಂದೇ ಭೂಮಿಗೆ ಈ ಎರಡು ಸ್ವಭಾವಗಳೇಕೆ?

ಎರೆಯಲ್ಲಿ ಜೇಡಿಯ ಅಂಶ ಅತ್ಯಧಿಕ. ಅದು ನೀರು ಕುಡಿದು ಉಬ್ಬುತ್ತದೆ, ಆರಿದಾಗ ಕುಗ್ಗಿ ಬಿರಿಯುತ್ತದೆ. ಜೇಡಿಯ ಸೂಕ್ಷ್ಮ ಕಣಗಳು ಕೂಡಿಕೊಂಡು ನುಚ್ಚಿನಂಥ ಗುಳಿಗೆಗಳಾಗಿ ನಿಂತರೆ ನಡುವೆ ಗಾಳಿಗೂ ನೀರಿಗೂ ಹಾದಿ ಉಳಿಯುತ್ತದೆ. ಗುಳಿಗೆ ಒಡೆದರೆ ಮೇಲುಮಣ್ಣು ಹೆಪ್ಪುಗಟ್ಟಿ, ಬಿದ್ದ ಮಳೆ ಹಳ್ಳದ ಪಾಲು. ಗುಳಿಗೆಯನ್ನು ಹಿಡಿದು ನಿಲ್ಲಿಸುವ ಅಂಟು ರಸಗೊಬ್ಬರದ ಚೀಲದಲ್ಲಿ ದೊರೆಯದು. ಬೇರು ಸ್ರವಿಸುವ ರಸ, ಅದನ್ನುಂಡು ಬದುಕುವ ಜೀವಾಣುಗಳು, ನೂಲಿನಂಥ ಶಿಲೀಂಧ್ರ, ಕೊಳೆತ ಕೂಳೆ, ಇವೇ ಆ ಅಂಟು.

ಬೆಳೆಯ ಸರದಿಯ ಮರ್ಮ ಇರುವುದು ಇಲ್ಲಿಯೇ. ಜೋಳದ ತಂತುಬೇರು ಮೇಲುಮಣ್ಣನ್ನು ಹೆಣೆಯುತ್ತದೆ; ತೊಗರಿಯ ತಾಯಿಬೇರು ಆಳಕ್ಕಿಳಿದು, ತಾನು ಕೊಳೆತ ಮೇಲೆ ಮುಂದಿನ ಬೆಳೆಗೆ ದಾರಿ ಬಿಟ್ಟುಹೋಗುತ್ತದೆ. ಹೆಸರು, ಕಡಲೆಗಳ ಬೇರುಗಂಟುಗಳಲ್ಲಿ ನೆಲಸಿದ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಸಸ್ಯದ ಆಹಾರವಾಗಿಸುತ್ತವೆ. ಜರ್ಮನಿಯ ಹೆಲ್‌ರೀಗಲ್ ಇದನ್ನು ವಿದ್ವಾಂಸರ ಮುಂದಿಟ್ಟದ್ದು 1886ರಲ್ಲಿ. ಕಾಳಿನ ಹಿಂದೆ ಬಂದ ಜೋಳ ಹುಲುಸಾಗುವುದನ್ನು ಒಕ್ಕಲಿಗರು ಅದಕ್ಕೆ ಬಹುಕಾಲ ಮುಂಚೆಯೇ ಬಲ್ಲರು. ಜೋಳದ ಕೂಳೆ ಕೊಳೆಯುವಾಗಲಾದರೋ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಕೆಲಕಾಲ ಹಿಡಿದಿಟ್ಟುಕೊಳ್ಳುತ್ತವೆ. ಜೋಳದ ಮೇಲೆ ಜೋಳ ಬಿತ್ತಿದರೆ ಪೈರು ಬಡಕಲಾಗುವುದು ಸಹಜವೇ. ಹಾಗೆಂದು ವರ್ಷವರ್ಷವೂ ಕಡಲೆಯನ್ನೇ ಹಾಕುವಂತೆಯೂ ಇಲ್ಲ; ಸೊರಗುರೋಗದ ಶಿಲೀಂಧ್ರ ನೆಲದಲ್ಲಿ ಮನೆ ಮಾಡಿಬಿಡುತ್ತದೆ.

ನವಲಗುಂದ, ಕುಂದಗೋಳಗಳ ಎರೆಯಲ್ಲಿ ಜೂನ್ ತಿಂಗಳಲ್ಲಿ ಹೆಸರು ಬಿತ್ತಿ, ಎರಡು ಎರಡೂವರೆ ತಿಂಗಳಿಗೆ ಕೊಯ್ದು, ಹಿಂಗಾರಿಗೆ ಜೋಳ ಹಾಕುವ ಕ್ರಮವುಂಟು. ಎಲ್ಲರೂ ಇದನ್ನೇ ಪಾಲಿಸಬಾರದೇಕೆ ಎಂದು ಪೇಟೆಯವರು ಕೇಳುವುದು ಸುಲಭ. ಹೆಸರಿನ ಕಾಯಿ ಒಣಗುವುದು ಶ್ರಾವಣದಲ್ಲಿ. ಆಗಲೇ ಜಡಿ ಹಿಡಿದರೆ ಕಾಳು ಕಾಯಿಯಲ್ಲೇ ಮೊಳೆತು ಕಪ್ಪಾಗುತ್ತದೆ. ಅಮರಗೋಳದ ಮಾರುಕಟ್ಟೆಗೆ ಒಯ್ದರೆ ಚೀಲದೊಳಕ್ಕೆ ಕೈ ಹಾಕಿದ ವ್ಯಾಪಾರಿ ಮಾತಾಡದೆ ಮುಂದೆ ಹೋಗುತ್ತಾನೆ. ಸಾಲ ತಂದು ಬಿತ್ತಿದವನು ಮರುವರ್ಷ ಹತ್ತಿಗೋ ಗೋವಿನಜೋಳಕ್ಕೋ ಮನಸ್ಸು ಮಾಡಿದರೆ ಅವನನ್ನು ದೂರುವುದೆಂತು?

ಹತ್ತಿಯ ಮೋಹಕ್ಕೆ ಧಾರವಾಡವೂ ಕಾರಣವೇ. ವರಲಕ್ಷ್ಮಿ ಎಂಬ ಸಂಕರ ಹತ್ತಿಯನ್ನು ಡಾ. ಬಿ. ಎಚ್. ಕಟರಕಿಯವರು 1972ರಲ್ಲಿ ಇಲ್ಲಿಂದಲೇ ನಾಡಿಗೆ ಕೊಟ್ಟರು. 2002ರಲ್ಲಿ ದೇಶಕ್ಕೆ ಬಿ.ಟಿ. ಹತ್ತಿ ಬಂದಿತು. ಆದರೆ ಹತ್ತಿ ಮುಂಗಾರಿ ಹಿಂಗಾರಿಗಳೆರಡನ್ನೂ ನುಂಗುವ ಬೆಳೆ. ಅದು ನಿಂತ ಹೊಲದಲ್ಲಿ ಹೆಸರಿನ ಸರದಿಗೆ ಎಡೆಯೆಲ್ಲಿ?

ಕೆಲವರು ಹತ್ತಿಯ ಸಾಲುಗಳ ನಡುವೆ ಹೆಸರಿನ ಅಕ್ಕಡಿ ಹಾಕುತ್ತಾರೆ. ಹತ್ತಿ ಹರಡುವ ಮುನ್ನ ಹೆಸರು ಮಾಗುತ್ತದೆ. ಬೇರುಸಹಿತ ಕಿತ್ತರೆ ನೆಲದ ಪಾಲೂ ಕಣಕ್ಕೇ ಹೋಗುತ್ತದೆ. ಕಾಯಿ ಬಿಡಿಸಿಕೊಂಡು ಗಿಡವನ್ನು ಅಲ್ಲಿಯೇ ಹರಗಿಬಿಟ್ಟರೆ, ಮಳೆ ಕಾಳನ್ನು ಕೆಡಿಸಿದ ವರ್ಷದಲ್ಲಿಯೂ ಸೊಪ್ಪು ಮಣ್ಣಿಗೆ ಸೇರಿರುತ್ತದೆ.