ಕತ್ತು ತಿರುಗಿದತ್ತ ಕಾಕ್‌ಪಿಟ್

ಸಿಮ್ಯುಲೇಟರ್‌ನಲ್ಲಿ ಮುಂಬಯಿಯ ಜುಹು ವಿಮಾನ ನಿಲ್ದಾಣದ ಮೇಲೆ ಎಡಸುತ್ತು ಹಾಕಿ ಇಳಿಯುವಾಗ ರನ್‌ವೇ ಮೊದಲು ಎಡ ರೆಕ್ಕೆಯ ಪಕ್ಕಕ್ಕೆ ಬರುತ್ತದೆ. ಅದರ ತುದಿ ರೆಕ್ಕೆಯಿಂದ ಸುಮಾರು 45 ಡಿಗ್ರಿ ಹಿಂದೆ ಸರಿದಾಗ ವಿಮಾನ ತಿರುಗಬೇಕು. ಅಂದರೆ ನೋಟ ಮೂಗಿನ ನೇರದಿಂದ 135 ಡಿಗ್ರಿ ಸರಿಯಬೇಕು. ಕೀಬೋರ್ಡ್ ಒತ್ತುತ್ತ ಆ ತುದಿಯನ್ನು ಹುಡುಕುವಷ್ಟರಲ್ಲಿ ಎತ್ತರ ತಪ್ಪಿರುತ್ತದೆ. ಹೆಡ್ ಟ್ರ್ಯಾಕರ್ ಈ ಕೆಲಸವನ್ನು ಕತ್ತಿಗೆ ಒಪ್ಪಿಸುತ್ತದೆ: ತಲೆ 30 ಡಿಗ್ರಿ ತಿರುಗಿದರೆ ನೋಟ ನಾಲ್ಕೂವರೆ ಪಟ್ಟು ತಿರುಗುತ್ತದೆ, ಕಣ್ಣು ಮಾತ್ರ ಪರದೆ ಬಿಟ್ಟು ಕದಲುವುದಿಲ್ಲ.

ಹೆಸರಾದ ಉಪಕರಣ ಟ್ರ್ಯಾಕ್‌ಐಆರ್ 5. ಪರದೆಯ ಮೇಲೆ ಕೂರುವ ಅದರ ಕ್ಯಾಮೆರಾ ಸೆಕೆಂಡಿಗೆ 120 ಬಾರಿ, ತಲೆಗೆ ಸಿಕ್ಕಿಸಿದ ಕ್ಲಿಪ್ಪಿನಿಂದ ಬರುವ ಅವಕೆಂಪು ಬೆಳಕಿನ ಮೂರು ಬಿಂದುಗಳನ್ನು ನೋಡುತ್ತದೆ. ಒಂದೇ ಬಿಂದುವಾದರೆ ತಲೆ ವಾಲಿತೋ ಹಿಂದೆ ಸರಿಯಿತೋ ತಿಳಿಯದು. ಮೂರಿದ್ದರೆ ಅವು ಮಾಡುವ ತ್ರಿಕೋನ ಹಿಗ್ಗುವ, ಕುಗ್ಗುವ, ಓರೆಯಾಗುವ ಬಗೆಯಿಂದ ತಲೆಯ ಆರೂ ಚಲನೆಗಳು (ಮೂರು ಬಗೆಯ ತಿರುಗುವಿಕೆ, ಮೂರು ದಿಕ್ಕಿನ ಸರಿಯುವಿಕೆ) ಲೆಕ್ಕಕ್ಕೆ ಸಿಗುತ್ತವೆ. ಟೋಪಿಗೆ ಸಿಕ್ಕಿಸುವ ಪ್ರತಿಫಲನದ ಕ್ಲಿಪ್ ಹಗುರ. ಹೆಡ್‌ಫೋನಿಗೆ ಹಾಕುವ, ತಾನೇ ಬೆಳಗುವ ಕ್ಲಿಪ್ ಹೆಚ್ಚು ನಂಬಿಕಸ್ಥ, ಆದರೆ ಒಂದು ವೈರು ಕೊರಳಿಗೆ ಬೀಳುತ್ತದೆ.

ಈ ಕ್ಲಿಪ್ಪನ್ನು ಮನೆಯಲ್ಲೇ ಮಾಡಬಹುದು. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಮೂರು ಅವಕೆಂಪು ಎಲ್‌ಇಡಿ ತಂದು ವಿದ್ಯುತ್ ಸರಣಿಯಲ್ಲಿ ಜೋಡಿಸಿ, ಯುಎಸ್‌ಬಿಯ 5 ವೋಲ್ಟಿಗೆ ಒಂದು ರೆಸಿಸ್ಟರ್ ಮೂಲಕ ಕೊಟ್ಟರಾಯಿತು. ಹಳೆಯ ವೆಬ್‌ಕ್ಯಾಮಿನೊಳಗಿನ ಅವಕೆಂಪು ತಡೆಯುವ ಗಾಜನ್ನು ತೆಗೆದು, ಆ ಜಾಗಕ್ಕೆ ಫ್ಲಾಪಿ ಡಿಸ್ಕಿನ ಕಪ್ಪು ತುಂಡನ್ನು ಇಟ್ಟರೆ ಎಲ್‌ಇಡಿ ಮಾತ್ರ ಎದ್ದು ಕಾಣುತ್ತದೆ. ಉಳಿದ ಲೆಕ್ಕಾಚಾರ ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶದ್ದು. ಕ್ಲಿಪ್ಪೇ ಬೇಡವೆಂದರೆ ಅದು ಸಾಮಾನ್ಯ ವೆಬ್‌ಕ್ಯಾಮಿನಲ್ಲಿ ಮುಖವನ್ನೇ ಗುರುತಿಸಿ ತಲೆಯ ದಿಕ್ಕು ಹೇಳುತ್ತದೆ. ಕಂಪ್ಯೂಟರಿಗೆ ತುಸು ಹೆಚ್ಚು ಕೆಲಸ, ಅಷ್ಟೆ.

ಬೆಲೆಗಿಂತ ಮೊದಲು ನೋಡಬೇಕಾದದ್ದು ಕೋಣೆಯ ಬೆಳಕು. ದಹಿಸರ್‌ನ ಒಂದು ವನ್ ಬಿಎಚ್‌ಕೆಯಲ್ಲಿ ಕಂಪ್ಯೂಟರ್ ಮೇಜು ಹಾಲ್‌ನ ಮೂಲೆಯಲ್ಲಿದ್ದು, ಕುರ್ಚಿಯ ಬೆನ್ನಿಗೆ ಪಶ್ಚಿಮದ ಕಿಟಕಿ ಇದೆ ಎನ್ನೋಣ. ಇಳಿಹೊತ್ತಿನ ಬಿಸಿಲಿನಲ್ಲಿ ಅವಕೆಂಪು ಧಾರಾಳ. ಗ್ರಿಲ್‌ನ ಸಂದುಗಳೂ ಬಿಂದುಗಳಾಗಿ ಕ್ಯಾಮೆರಾವನ್ನು ಗೊಂದಲಗೊಳಿಸಬಹುದು. ಮುಖ ಗುರುತಿಸುವ ವಿಧಾನಕ್ಕೂ ಅದು ಕೆಟ್ಟ ಜಾಗವೇ, ಏಕೆಂದರೆ ಹಿಂದಿನ ಬೆಳಕಿಗೆ ಮುಖ ಕಪ್ಪಾಗುತ್ತದೆ. ಕಿಟಕಿಗೆ ದಪ್ಪ ಪರದೆ ಎಳೆದು ದೀಪ ಹಚ್ಚಿದರೂ ಕ್ಲಿಪ್ ಕೆಲಸ ಮಾಡುತ್ತದೆ: ಎಲ್‌ಇಡಿ ಟ್ಯೂಬ್‌ಲೈಟಿನಲ್ಲಿ ಅವಕೆಂಪು ಬಹಳ ಕಡಿಮೆ. ವೆಬ್‌ಕ್ಯಾಮಿಗಾದರೆ ಮೇಜನ್ನೇ ತಿರುಗಿಸಬೇಕು, ಇಲ್ಲವೇ ಮುಖದ ಮೇಲೆ ದೀಪ ಬೇಕು.

ವಿಆರ್ ಹೆಡ್‌ಸೆಟ್‌ಗೆ ಈ ತಾಪತ್ರಯಗಳು ಕಡಿಮೆ, ಆದರೆ ಗ್ರಾಫಿಕ್ಸ್ ಕಾರ್ಡ್ ದುಬಾರಿಯದೇ ಬೇಕು, ಕೀಬೋರ್ಡೂ ಕಾಣದು.

ಹೆಡ್ ಟ್ರ್ಯಾಕರ್ ಯಾವುದೇ ಆದರೂ, ತಲೆ ಎಷ್ಟು ತಿರುಗಿದರೆ ನೋಟ ಎಷ್ಟು ತಿರುಗಬೇಕೆಂಬ ವಕ್ರರೇಖೆಯನ್ನು ಹೊಂದಿಸಿಕೊಳ್ಳಬೇಕು. ನಡುವಿನ ನಾಲ್ಕೈದು ಡಿಗ್ರಿಯಲ್ಲಿ ನೋಟ ಅಲುಗದಂತೆ, ಅಂಚಿನಲ್ಲಿ ವೇಗವಾಗಿ ತಿರುಗುವಂತೆ ಇಟ್ಟರೆ ಉಸಿರಾಟಕ್ಕೆಲ್ಲ ಕಾಕ್‌ಪಿಟ್ ನಡುಗುವುದಿಲ್ಲ.