ಶೀಷೆಯಲ್ಲಿ ಬೆಳೆದ ಗುಲಗಂಜಿ ಹುಳು

ಖಾನಾಪುರದ ಅಜ್ಜಿಯ ಮನೆಯ ಹಿತ್ತಿಲಿನಲ್ಲಿ ಅಲಸಂದೆ ಬಳ್ಳಿಗೆ ಕಪ್ಪು ಹೇನುಗಳು ಮುತ್ತಿದ್ದುವು. ಅವುಗಳ ನಡುವೆ ಹರಿದಾಡುತ್ತಿದ್ದ ಒರಟುಮೈಯ ಮರಿಹುಳುವನ್ನು ಹೊಸಕಲು ಹೋದ ಮಗಳ ಕೈಯನ್ನು ತಡೆದೆನು. ಹೇನು ತಿಂದು ಬಳ್ಳಿಯನ್ನು ಕಾಯುವ ಗುಲಗಂಜಿ ಹುಳುವಿನ ಮರಿಯದು! 1888ರಲ್ಲಿ ಆಸ್ಟ್ರೇಲಿಯದಿಂದ ಒಯ್ದ ಇದರ ಬಂಧುಗಳೇ ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳನ್ನು ಉಳಿಸಿದುವು.

ನಾಲ್ಕು ಮರಿಗಳನ್ನು ಬೆಳಗಾವಿಗೆ ತಂದೆವು. ಅಗಲಬಾಯಿಯ ಶೀಷೆ, ಬಾಯಿಗೆ ತೆಳುಬಟ್ಟೆ, ಒಳಗೆ ಒದ್ದೆ ಹತ್ತಿಯ ಚೂರು—ಇಷ್ಟೇ ಅವುಗಳ ಮನೆ. ನೆರೆಯವರ ಅವರೆಬಳ್ಳಿಯಿಂದ ಹೇನು ಹತ್ತಿದ ಕುಡಿಗಳನ್ನು ದಿನವೂ ತಂದಿಡಬೇಕು; ಹಸಿದರೆ ಮರಿಗಳು ಒಂದನ್ನೊಂದು ತಿನ್ನುವುವು. ಒಂದು ದಿನ ಮರೆತೆವು, ಮೂರೇ ಉಳಿದುವು.

ವಾರದಲ್ಲಿ ಅವು ಎಲೆಗಂಟಿ ಕೋಶವಾದುವು. ಮತ್ತೆ ನಾಲ್ಕೈದು ದಿನಗಳಿಗೆ ಹಳದಿ ದುಂಬಿಗಳು ಹೊರಬಂದು, ಕೆಲವು ಗಂಟೆಗಳಲ್ಲಿ ಮಚ್ಚೆಗಳನ್ನು ಪಡೆದುವು.

ಭಾನುವಾರ ಖಾನಾಪುರದ ಅದೇ ಬಳ್ಳಿಯ ಬಳಿ ಮಗಳು ತಾನೇ ಶೀಷೆಯ ಬಟ್ಟೆಯನ್ನು ಬಿಚ್ಚಿದಳು.