ಬಳಸಿದ ‘ಡ್ಯಾಕ್’ ಕೊಳ್ಳುವ ಮುನ್ನ: ಅಗ್ಗದ ಆಸೆಗೆ ಅರಿವಿನ ಕಡಿವಾಣ

ಚೀಕಲಪರ್ವಿ (ಮಾನ್ವಿ ತಾಲ್ಲೂಕು): ತುಂಗಭದ್ರೆಯ ದಡದಲ್ಲಿರುವ ಈ ಗ್ರಾಮ ಹರಿದಾಸ ವಿಜಯದಾಸರ (1682-1755) ಜನ್ಮಸ್ಥಳ. ಕಾರ್ತಿಕ ಶುದ್ಧ ದಶಮಿ ಅವರ ಆರಾಧನೆಯ ದಿನ. ದಾಸರ ಪದ, ಸುಳಾದಿಗಳ ನಾಡೆನಿಸಿದ ರಾಯಚೂರು ಜಿಲ್ಲೆಯಲ್ಲಿ ಹಾಡು ಕೇಳುವ ಅಭ್ಯಾಸ ಹಳೆಯದು. ಕೇಳುವ ಸಾಧನ ಮಾತ್ರ ಕಾಲಕಾಲಕ್ಕೆ ಬದಲಾಗಿದೆ. ರೇಡಿಯೊ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಈಗ ಪೆನ್‌ಡ್ರೈವ್, ಮೊಬೈಲ್ ಮತ್ತು ಟಿ.ವಿ.ಯ ಕಾಲ. ಈ ಬದಲಾವಣೆಯ ನಡುವೆ ಅನೇಕ ಮನೆಗಳಲ್ಲಿ ಒಂದು ವಿಚಿತ್ರ ಸಮಸ್ಯೆ ತಲೆದೋರಿದೆ. ಹಳೆಯ ಆಂಪ್ಲಿಫೈಯರ್, ಸ್ಪೀಕರ್‌ಗಳು ಗಟ್ಟಿಮುಟ್ಟಾಗಿವೆ. ಆದರೆ ಹೊಸ ಟಿ.ವಿ. ಅಥವಾ ಮೊಬೈಲ್‌ನಿಂದ ಅವುಗಳಿಗೆ ಧ್ವನಿ ಕೊಡುವ ದಾರಿಯೇ ಇಲ್ಲ.

ಈ ಕೊಂಡಿಯನ್ನು ಬೆಸೆಯುವ ಪುಟ್ಟ ಪೆಟ್ಟಿಗೆಯೇ ‘ಡಿಜಿಟಲ್-ಟು-ಅನಲಾಗ್ ಕನ್ವರ್ಟರ್’. ಬಳಕೆಯ ಮಾತಿನಲ್ಲಿ ‘ಡ್ಯಾಕ್’. ಹೊಸದಕ್ಕೆ ಕೆಲವು ನೂರು ರೂಪಾಯಿಗಳಿಂದ ಲಕ್ಷಾಂತರ ರೂಪಾಯಿಗಳವರೆಗೆ ಬೆಲೆಯಿದೆ. ಆದ್ದರಿಂದಲೇ ಬಳಸಿದ ಡ್ಯಾಕ್‌ಗಳ ಕೊಡುಕೊಳ್ಳುವಿಕೆಗೆ ಆಕರ್ಷಣೆ ಹೆಚ್ಚು. ಆದರೆ ವಸ್ತುವಿನ ಪರಿಚಯವಿಲ್ಲದೆ ಅಗ್ಗಕ್ಕೆ ಮರುಳಾದರೆ ಕೈಯಲ್ಲಿದ್ದ ಹಣವೂ ಹೋಗಿ, ಹಾಡೂ ಕೇಳಿಸದ ಸ್ಥಿತಿ ಒದಗುತ್ತದೆ.

ಡ್ಯಾಕ್ ಮಾಡುವುದೇನು?

ಡಿಜಿಟಲ್ ಧ್ವನಿ ಎಂದರೆ ಅಂಕಿಗಳ ಸಾಲು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿನ ಧ್ವನಿಯನ್ನು 44,100 ಬಾರಿ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ, ಅಂದರೆ 65,536 ಮಟ್ಟಗಳಲ್ಲಿ ಒಂದಾಗಿ ದಾಖಲಿಸಲಾಗುತ್ತದೆ. ಸ್ಪೀಕರ್‌ಗೆ ಅಂಕಿ ಅರ್ಥವಾಗದು. ಅದಕ್ಕೆ ಏರಿಳಿಯುವ ವಿದ್ಯುತ್ ಅಲೆ ಬೇಕು. ಅಂಕಿಗಳನ್ನು ಅಲೆಯಾಗಿಸುವ ಕೆಲಸವೇ ಡ್ಯಾಕ್‌ನದು. ಮೊಬೈಲ್, ಟಿ.ವಿ., ಸಿ.ಡಿ. ಪ್ಲೇಯರ್ ಎಲ್ಲದರ ಒಳಗೂ ಇಂಥದೊಂದು ಚಿಪ್ ಇದ್ದೇ ಇರುತ್ತದೆ. ಅದನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಮಾರುವ ರೂಢಿ 1980ರ ದಶಕದಲ್ಲಿಯೇ ಆರಂಭವಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಯ ಹಳೆಯ ಕ್ಯಾಸೆಟ್‌ಗಳಲ್ಲಿರುವ ಭಜನೆ, ಹಿರಿಯರ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಬೇಕೆಂದು ಡ್ಯಾಕ್ ಕೊಳ್ಳುವವರಿದ್ದಾರೆ. ಆ ಕೆಲಸಕ್ಕೆ ಬೇಕಾದುದು ಇದರ ತದ್ವಿರುದ್ಧ ಸಾಧನ. ಅಲೆಯನ್ನು ಅಂಕಿಯಾಗಿಸುವ ‘ಅನಲಾಗ್-ಟು-ಡಿಜಿಟಲ್’ ಪರಿವರ್ತಕ. ‘ಆಡಿಯೊ ಇಂಟರ್‌ಫೇಸ್’ ಎಂಬ ಹೆಸರಿನ ಸಾಧನಗಳಲ್ಲಿ ಎರಡೂ ಇರುತ್ತವೆ. ಬರೀ ಡ್ಯಾಕ್‌ನಲ್ಲಿ ಇರುವುದಿಲ್ಲ.

ಬೇಕೇ, ಬೇಡವೇ?

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ. ಹೊಸ ಟಿ.ವಿ.ಯಲ್ಲಿ ಹಳೆಯ ಕೆಂಪು-ಬಿಳಿ ಪಿನ್‌ಗಳ ಔಟ್‌ಪುಟ್ ಇಲ್ಲದೆ ‘ಆಪ್ಟಿಕಲ್’ ಔಟ್‌ಪುಟ್ ಮಾತ್ರ ಇದ್ದರೆ, ಅಥವಾ ಮೊಬೈಲ್‌ನಲ್ಲಿ ಹೆಡ್‌ಫೋನ್ ರಂಧ್ರವೇ ಇಲ್ಲದಿದ್ದರೆ ಡ್ಯಾಕ್ ಅನಿವಾರ್ಯ. ಮೊಬೈಲ್‌ಗಾದರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿಯೇ ಹೊಸ ‘ಡಾಂಗಲ್’ ದೊರೆಯುತ್ತದೆ. ಅಂಥದ್ದನ್ನು ಬಳಸಿದ್ದಾಗಿ ಕೊಳ್ಳುವುದರಲ್ಲಿ ಲಾಭವಿಲ್ಲ.

ಈಗಿರುವ ಧ್ವನಿಯನ್ನು ಉತ್ತಮಗೊಳಿಸುವುದಷ್ಟೇ ಉದ್ದೇಶವಾದರೆ ಯೋಚಿಸಬೇಕು. ಸರಿಯಾಗಿ ತಯಾರಾದ ಅಗ್ಗದ ಡ್ಯಾಕ್‌ಗೂ ದುಬಾರಿ ಡ್ಯಾಕ್‌ಗೂ ಕಿವಿಗೆ ಕೇಳಿಸುವ ವ್ಯತ್ಯಾಸ ಅಲ್ಪ. ಸ್ಪೀಕರ್ ಬದಲಿಸಿದಾಗ ಆಗುವ ವ್ಯತ್ಯಾಸ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕ್ಯಾಸೆಟ್‌ನ ಸರಸರ ಸದ್ದನ್ನಾಗಲಿ, ಕುಗ್ಗಿಸಿದ ಎಂ.ಪಿ.3 ಕಡತದಲ್ಲಿ ಕಳೆದುಹೋದ ಸೂಕ್ಷ್ಮವನ್ನಾಗಲಿ ಯಾವ ಡ್ಯಾಕ್ ಕೂಡ ಮರಳಿ ತರಲಾರದು.

ವಯಸ್ಸು ಎಲ್ಲಿ ಕಾಣುತ್ತದೆ?

ಡ್ಯಾಕ್‌ನಲ್ಲಿ ತಿರುಗುವ, ಸವೆಯುವ ಭಾಗಗಳು ಕಡಿಮೆ. ಆದ್ದರಿಂದ ಬಳಸಿದ್ದನ್ನು ಕೊಳ್ಳುವುದು ಬಳಸಿದ ಸಿ.ಡಿ. ಪ್ಲೇಯರ್ ಕೊಳ್ಳುವುದಕ್ಕಿಂತ ಸುರಕ್ಷಿತ. ಆದರೂ ನಾಲ್ಕು ಕಡೆ ವಯಸ್ಸು ತೋರುತ್ತದೆ.

ಮೊದಲನೆಯದು ಕೆಪಾಸಿಟರ್. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಒಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಅರ್ಧಕ್ಕಿಳಿಯುತ್ತದೆಂಬುದು ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಂಥ ಸೀಮೆಯಲ್ಲಿ, ಗಾಳಿಯಾಡದ ಷೋಕೇಸಿನಲ್ಲಿ ಆಂಪ್ಲಿಫೈಯರ್ ಮೇಲೆಯೇ ಇಟ್ಟು ಬಳಸಿದ ಪೆಟ್ಟಿಗೆ ಬೇಗ ಮುಪ್ಪಾಗುವುದು ಸಹಜ. ಗುಂಯ್‌ಗುಡುವ ಸದ್ದು, ಬಿಸಿಯಾದ ಮೇಲೆ ಧ್ವನಿ ಕಡಿದುಹೋಗುವುದು ಇದರ ಲಕ್ಷಣ.

ಎರಡನೆಯದು ಅಡಾಪ್ಟರ್. ಮೂಲ ಅಡಾಪ್ಟರ್ ಕಳೆದು ಬೇರೊಂದನ್ನು ಜೋಡಿಸಿರುವುದು ಹೆಚ್ಚಾಗಿ ಕಂಡುಬರುವ ಸಂಗತಿ. ವೋಲ್ಟೇಜ್ ಮತ್ತು ಪಿನ್‌ನ ಧನ-ಋಣ ಕ್ರಮ ಪೆಟ್ಟಿಗೆಯ ಮೇಲೆ ಬರೆದಂತೆಯೇ ಇರಬೇಕು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಕೆಲವು ಡ್ಯಾಕ್‌ಗಳಿಗೆ ಡಿ.ಸಿ. ಅಲ್ಲ, ಎ.ಸಿ. ಅಡಾಪ್ಟರ್ ಬೇಕಾಗುತ್ತದೆ. ವಿದೇಶದಿಂದ ತಂದ ಪೆಟ್ಟಿಗೆಯಾದರೆ ಇನ್ನಷ್ಟು ಜಾಗ್ರತೆ ಬೇಕು. ಜಪಾನಿನ ವಿದ್ಯುತ್ 100 ವೋಲ್ಟ್, ಅಮೆರಿಕದ್ದು 120 ವೋಲ್ಟ್, ನಮ್ಮಲ್ಲಿ 230. ನೇರವಾಗಿ ಸಾಕೆಟ್‌ಗೆ ಸಿಕ್ಕಿಸಿದರೆ ಕ್ಷಣಾರ್ಧದಲ್ಲಿ ಸುಟ್ಟುಹೋಗಬಹುದು.

ಮೂರನೆಯದು ಯು.ಎಸ್.ಬಿ. ಕಿಂಡಿ ಮತ್ತು ವಾಲ್ಯೂಮ್ ಗುಂಡಿ. ಕಿಂಡಿ ಸಡಿಲವಾಗಿದ್ದರೆ, ಗುಂಡಿ ತಿರುಗಿಸಿದಾಗ ಕರಕರ ಎಂದರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ನಾಲ್ಕನೆಯದು ತಂತ್ರಾಂಶ. ಹಳೆಯ ಯು.ಎಸ್.ಬಿ. ಡ್ಯಾಕ್‌ಗಳಲ್ಲಿ ಹಲವು ಪ್ರತ್ಯೇಕ ಡ್ರೈವರ್ ಬೇಡುತ್ತವೆ. ಇತ್ತೀಚಿನ ಯು.ಎಸ್.ಬಿ. ಆಡಿಯೊ ಪದ್ಧತಿಗೆ ವಿಂಡೋಸ್‌ನಲ್ಲಿ ಸಹಜ ಬೆಂಬಲ ದೊರೆತದ್ದೇ 2017ರಲ್ಲಿ. ತಯಾರಕರು ಡ್ರೈವರ್ ನವೀಕರಿಸುವುದನ್ನು ನಿಲ್ಲಿಸಿದ್ದರೆ ಒಳ್ಳೆಯ ಪೆಟ್ಟಿಗೆಯೂ ಹೊಸ ಕಂಪ್ಯೂಟರಿನ ಮುಂದೆ ಮೂಕವಾಗುತ್ತದೆ.

ಚಿಪ್‌ನ ಹೆಸರು, ಬೆಲೆಯ ಬಲೂನು

ಮಾರುವವರು ಒಳಗಿನ ಚಿಪ್‌ನ ಹೆಸರು ಹೇಳಿ ಬೆಲೆ ಏರಿಸುವುದುಂಟು. 2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಒಕಾ ನಗರದಲ್ಲಿರುವ ಅಸಾಹಿ ಕಸೆಯಿ ಸಮೂಹದ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದು, ಅಲ್ಲಿನ ‘ಎ.ಕೆ.ಎಂ.’ ಡ್ಯಾಕ್ ಚಿಪ್‌ಗಳ ಪೂರೈಕೆ ಕಡಿದುಹೋಯಿತು. ಅನೇಕ ತಯಾರಕರು ಬೇರೆ ಕಂಪೆನಿಯ ಚಿಪ್ ಹಾಕಿ ತಮ್ಮ ಪೆಟ್ಟಿಗೆಗಳನ್ನು ಮರುವಿನ್ಯಾಸಗೊಳಿಸಿದರು. ಹೀಗಾಗಿ ಹತ್ತಿರ ಹತ್ತಿರದ ಹೆಸರಿನ ಎರಡು ಮಾದರಿಗಳ ಒಳಗೆ ಬೇರೆ ಬೇರೆ ಚಿಪ್ ಇರಬಹುದು. ಮಾದರಿಯ ಪೂರ್ಣ ಹೆಸರನ್ನು ಅಕ್ಷರ ಬಿಡದೆ ಓದಬೇಕು. 1980ರ ದಶಕದ ಫಿಲಿಪ್ಸ್ ‘ಟಿ.ಡಿ.ಎ. 1541’ ಚಿಪ್‌ಗೆ ಸಂಗ್ರಾಹಕರಲ್ಲಿ ಬೇಡಿಕೆಯಿರುವುದರಿಂದ ಅದರ ನಕಲಿಗಳೂ ಚಲಾವಣೆಯಲ್ಲಿವೆ.

ಅಂತೆಯೇ ‘ಎಂ.ಕ್ಯು.ಎ.’ ಎಂಬ ಗುರುತು ಒಂದು ಕಾಲಕ್ಕೆ ಬೆಲೆ ಹೆಚ್ಚಿಸುತ್ತಿತ್ತು. ಆ ಕಂಪೆನಿ 2023ರಲ್ಲಿ ಆರ್ಥಿಕ ಸಂಕಷ್ಟಕ್ಕೆ ಸಿಲುಕಿ ಬೇರೆಯವರ ಪಾಲಾಯಿತು. ಅದನ್ನು ಬಳಸುತ್ತಿದ್ದ ಪ್ರಮುಖ ಸಂಗೀತ ಸೇವೆ ಟೈಡಲ್ 2024ರಲ್ಲಿ ಅದನ್ನು ಕೈಬಿಟ್ಟಿತು. ಆ ಗುರುತಿಗಾಗಿ ಇಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ.

ಪರೀಕ್ಷೆ ಹೇಗೆ?

ಸಾಧ್ಯವಾದಷ್ಟೂ ಎದುರಿಗೆ ಕುಳಿತು ಕೇಳಿ ಕೊಳ್ಳುವುದೇ ಮೇಲು. ಮಾನ್ವಿ, ದೇವದುರ್ಗದಂಥ ತಾಲ್ಲೂಕು ಕೇಂದ್ರಗಳಲ್ಲಿ ಡ್ಯಾಕ್‌ಗೆಂದೇ ಮೀಸಲಾದ ಅಂಗಡಿಗಳನ್ನು ನಿರೀಕ್ಷಿಸಲಾಗದು. ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆ ಎಲೆಕ್ಟ್ರಾನಿಕ್ ಸರಕಿಗೆ ಹೆಸರಾದ ಪೇಟೆಗಳು. ರಾಯಚೂರಿಗೆ ಹೈದರಾಬಾದೇ ಹತ್ತಿರ. ಹೋಗುವಾಗ ಸ್ವಂತ ಮೊಬೈಲ್, ಓ.ಟಿ.ಜಿ. ಕೇಬಲ್, ಚೆನ್ನಾಗಿ ಪರಿಚಯವಿರುವ ಎರಡು ಹಾಡು ಮತ್ತು ಹೆಡ್‌ಫೋನ್ ಒಯ್ಯಬೇಕು. ಯು.ಎಸ್.ಬಿ., ಆಪ್ಟಿಕಲ್, ಕೊಯಾಕ್ಸಿಯಲ್, ಹೀಗೆ ಇರುವ ಎಲ್ಲ ಕಿಂಡಿಗಳನ್ನೂ ಒಂದೊಂದಾಗಿ ಪರೀಕ್ಷಿಸಬೇಕು. ಎಡ-ಬಲ ಎರಡೂ ಬದಿಯ ಧ್ವನಿ ಸಮನಾಗಿದೆಯೇ, ಹಾಡು ನಿಲ್ಲಿಸಿದಾಗ ಹಿನ್ನೆಲೆ ಮೌನವಾಗಿದೆಯೇ ಎಂದು ಗಮನಿಸಬೇಕು. ಕನಿಷ್ಠ ಅರ್ಧ ಗಂಟೆ ನಿಲ್ಲಿಸದೆ ಓಡಿಸಬೇಕು.

ಟಿ.ವಿ.ಗೆ ಜೋಡಿಸಿದಾಗ ಧ್ವನಿ ಬಾರದಿದ್ದರೆ ಕೂಡಲೇ ಕೆಟ್ಟಿದೆಯೆಂದು ತೀರ್ಮಾನಿಸಬಾರದು. ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ‘ಡಾಲ್ಬಿ’ ಎಂದಿದ್ದರೆ ಸಾಮಾನ್ಯ ಡ್ಯಾಕ್‌ಗಳಿಗೆ ಅದು ಅರ್ಥವಾಗದು. ‘ಪಿ.ಸಿ.ಎಂ.’ ಎಂದು ಬದಲಿಸಿದರೆ ಹಾಡು ಹರಿಯುತ್ತದೆ. ಇದೊಂದು ತಿಳಿಯದೆ ಸುಸ್ಥಿತಿಯಲ್ಲಿರುವ ಪೆಟ್ಟಿಗೆಯನ್ನು ಮೂರು ಕಾಸಿಗೆ ಮಾರುವುದೂ ಉಂಟು. ತಿಳಿದವರಿಗೆ ಅದೇ ಲಾಭ.

ಹಣ ಮತ್ತು ಕಾನೂನು

ದೂರದವರೊಡನೆ ವ್ಯವಹರಿಸುವಾಗ ಸೀರಿಯಲ್ ಸಂಖ್ಯೆಯ ಚಿತ್ರ, ಮೂಲ ಬಿಲ್ ಮತ್ತು ಪೆಟ್ಟಿಗೆ ಕೆಲಸ ಮಾಡುತ್ತಿರುವ ವಿಡಿಯೊ ಕೇಳಬೇಕು. ಪಾರ್ಸೆಲ್ ಬಿಚ್ಚುವುದನ್ನು ಆರಂಭದಿಂದ ಚಿತ್ರೀಕರಿಸಬೇಕು. ಪರಿಚಯವಿಲ್ಲದವರಿಗೆ ಪೂರ್ಣ ಹಣ ಮುಂಗಡವಾಗಿ ಕಳುಹಿಸುವುದು ಅಪಾಯ.

ಮಾರುವವರಿಗೂ ಅಪಾಯ ತಪ್ಪಿದ್ದಲ್ಲ. ಸೈನಿಕನೆಂದು ಹೇಳಿಕೊಂಡು ನಂಬಿಸಿ, ‘ಹಣ ಜಮೆಯಾಗಲು ಈ ಕ್ಯು.ಆರ್. ಸ್ಕ್ಯಾನ್ ಮಾಡಿ’ ಎನ್ನುವ ವಂಚನೆ ದೇಶದಾದ್ಯಂತ ವರದಿಯಾಗಿದೆ. ಯು.ಪಿ.ಐ.ನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವುದಾಗಲಿ, ಪಿನ್ ಒತ್ತುವುದಾಗಲಿ ಅಗತ್ಯವೇ ಇಲ್ಲ. ಹಣ ಬಂದಿತೆಂಬ ಸ್ಕ್ರೀನ್‌ಷಾಟ್ ನಂಬದೆ ಸ್ವಂತ ಖಾತೆಯನ್ನೇ ನೋಡಬೇಕು. ಮೋಸಹೋದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

1930ರ ಸರಕು ಮಾರಾಟ ಕಾಯ್ದೆಯಂತೆ, ಮಾರುವವನಿಗೇ ಹಕ್ಕಿಲ್ಲದ ವಸ್ತುವಿನ ಮೇಲೆ ಸಾಮಾನ್ಯವಾಗಿ ಕೊಂಡವನಿಗೂ ಹಕ್ಕು ದೊರೆಯದು. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಆದ್ದರಿಂದ ಮಾದರಿ, ಸೀರಿಯಲ್ ಸಂಖ್ಯೆ, ಬೆಲೆ, ದಿನಾಂಕ ಬರೆದು ಇಬ್ಬರೂ ಸಹಿ ಮಾಡಿದ ಒಂದು ಹಾಳೆ ಇದ್ದರೆ ಇಬ್ಬರಿಗೂ ರಕ್ಷೆ. ಅಂಗಡಿಯಲ್ಲಿ ಕೊಂಡರೆ ಬಿಲ್ ಪಡೆಯಲೇಬೇಕು. ಖಾಸಗಿ ವ್ಯಕ್ತಿಯಿಂದ ಕೊಂಡಾಗ ಗ್ರಾಹಕ ಆಯೋಗದ ಬಾಗಿಲು ಸುಲಭವಾಗಿ ತೆರೆಯದು. ವಾರಂಟಿ ಉಳಿದಿದೆಯೆಂದರೂ ಅದು ಎರಡನೆಯ ಮಾಲೀಕನಿಗೆ ಅನ್ವಯಿಸುತ್ತದೆಯೇ ಎಂದು ಕಂಪೆನಿಯನ್ನೇ ವಿಚಾರಿಸುವುದು ಲೇಸು.

ಮಾರುವವನ ಧರ್ಮ

ದೋಷವಿದ್ದರೆ ಮೊದಲೇ ಹೇಳುವುದು ಮಾರುವವನಿಗೂ ಹಿತ. ಮುಚ್ಚಿಟ್ಟ ದೋಷ ವಾಪಸಾತಿಯ ಜಗಳವಾಗಿ ಮರಳುತ್ತದೆ. ಬ್ಲೂಟೂತ್ ಇರುವ ಪೆಟ್ಟಿಗೆಯಾದರೆ ಹಳೆಯ ಜೋಡಣೆಗಳನ್ನು ಅಳಿಸಿ, ಮೂಲ ಅಡಾಪ್ಟರ್, ರಿಮೋಟ್ ಸಹಿತ ಕೊಡಬೇಕು. ಪೂರ್ಣ ಕೆಟ್ಟಿದ್ದರೆ ಗುಜರಿಯವರು ಸುಡುವುದಕ್ಕೆ ಬಿಡದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು ಉಚಿತ.

ಅಂತಿಮವಾಗಿ, ಬೆಲೆ ನಿರ್ಧರಿಸಲು ಒಂದು ಸರಳ ಸೂತ್ರವಿದೆ. ಅದೇ ಕೆಲಸ ಮಾಡುವ ಹೊಸ ಡ್ಯಾಕ್ ವಾರಂಟಿ ಸಹಿತ ಇಂದು ಎಷ್ಟಕ್ಕೆ ಸಿಗುತ್ತದೆಂದು ಮೊದಲು ನೋಡಬೇಕು. ಹತ್ತು ವರ್ಷದ ಹಿಂದೆ ಮೂವತ್ತು ಸಾವಿರ ಕೊಟ್ಟಿದ್ದೆನೆಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹೊಸದಕ್ಕೂ ಬಳಸಿದ್ದಕ್ಕೂ ಅಂತರ ಅಲ್ಪವಾಗಿದ್ದರೆ ಹೊಸದೇ ಸರಿ. ಅಂತರ ದೊಡ್ಡದಿದ್ದು ಪರೀಕ್ಷೆಯಲ್ಲಿ ಪೆಟ್ಟಿಗೆ ಗೆದ್ದರೆ, ಅಟ್ಟ ಸೇರಬೇಕಿದ್ದ ಹಳೆಯ ಸ್ಪೀಕರ್‌ಗಳಲ್ಲಿ ದಾಸರ ಪದ ಮತ್ತೆ ಕೇಳಿಸಲು ಅಷ್ಟು ಸಾಕು.